ಮಗುವಿನ ಮುಷ್ಟಿಗಿಟ್ಟ ನೋಟು

ಕೈಲಾಂಚದ ಲತಾಮಣಿ ಎರಡು ತಿಂಗಳಿಂದ ರಾಮನಗರದ ಬಸ್ಸು ಬಂದರೆ ತಲೆ ತಗ್ಗಿಸಿಕೊಂಡೇ ಹತ್ತುತ್ತಾಳೆ, ಬಸ್ಸಿನ ಹಿಂದುಗಡೆ ನೋಡುವುದಿಲ್ಲ. ಅಲ್ಲಿ ಅವಳ ಮಗಳು ದಿವ್ಯ ನಗುತ್ತಿದ್ದಾಳೆ. ಯಾವುದೋ ಕಂಪನಿಯ ಮಕ್ಕಳ ಹಿಟ್ಟಿನ ಜಾಹೀರಾತು. ‘ಕಾಯಿಲೆ ಹತ್ತಿರ ಸುಳಿಯದು’ ಅಂತ ಕೆಂಪಕ್ಷರ. ದಿವ್ಯ ವರ್ಷ ತುಂಬುವ ಮೊದಲೇ ಜ್ವರದಲ್ಲಿ ಹೋಗಿಬಿಟ್ಟಿತ್ತು.

ಫೋಟೋ ತೆಗೆದವನು ಊರಿನ ಸ್ಟುಡಿಯೋ ಅನಂತರಾಜು. ನಾಮಕರಣದ ದಿನ ಫೋಟೋಗೆಂದು ಲತಾಮಣಿ ಕೊಟ್ಟ ನೋಟನ್ನು ಅವನು ಮಡಚಿ ಮಗುವಿನ ಮುಷ್ಟಿಗೇ ಇಟ್ಟಿದ್ದ.

“ಕೂಸ್ನ ಮೊದುಲ್ನೇ ಸಲ ನೋಡ್ದಾಗ ಕೈಗೆ ಇಕ್ಕದು ಬುಟ್ಟು ಈಸ್ಕಂಡನಾ? ನಮ್ಮನೆ ಕೂಸು ಕಣವ್ವ ಇದು.”

ದಿವ್ಯ ನೋಟು ಬಿಡದೆ ಹಿಡಿದು ನಕ್ಕಿತು. ಅವನು ಫೋಟೋ ಹೊಡೆದದ್ದು ಆಗಲೇ.

ಬಸ್ಸಿನ ಮೇಲೆ ಮಗಳನ್ನು ಕಂಡ ದಿನವೇ ಲತಾಮಣಿ ಅವನ ಮುಂದೆ ಹೋಗಿ ನಿಂತಳು. “ತೆಗ್ಸಣ್ಣ ಅದ್ನ. ನನ್ನ ಒಂದ್ಮಾತು ಕೇಳ್ಬಾರ್ದಾಗಿತ್ತಾ?”

ಅನಂತರಾಜು ಕ್ಯಾಮೆರಾ ಒರೆಸುವುದನ್ನು ನಿಲ್ಲಿಸಲಿಲ್ಲ. “ಕೂಸು ಚೆನ್ನಾಗಿದ್ದಾಗ ಕಂಪ್ನಿಗೆ ಮಾರ್ದೆ ಕಣವ್ವ. ನೋಡಿ ಖುಸಿ ಪಡ್ತೀಯ ಅನ್ಕಂಡಿದ್ದೆ. ಹಕ್ಕೆಲ್ಲ ಕೊನೆಗಂಟ ಅವ್ರದೇ ಅಂತ ಸೈನು ಹಾಕ್ಬುಟ್ಟಿವ್ನಿ. ಕೂಸು ಹೋದ್ಮ್ಯಾಲೆ ಕಾಲು ಹಿಡಿದಂಗೆ ಕೇಳ್ದೆ, ತೆಗಿಯಾಕಿಲ್ಲ ಅಂದ್ರು.”

ರಾಮನಗರದಲ್ಲಿ ನಿಖಾತ್ ಅನ್ನುವ ಲಾಯರಮ್ಮನ ಹತ್ತಿರ ಹೋದಳು.

“ಹೆತ್ತೋಳು ನಾನು ಮೇಡಂ. ಮಕ ನನ್ ಮಗೀದು.”

“ಮುಖ ನಿಮ್ಮ ಮಗೂದೇ ಅಮ್ಮ. ಫೋಟೋ ಮಾತು ಬೇರೆ. ಕಾಪಿರೈಟ್ ಕಾಯ್ದೇಲಿ, ದುಡ್ಡು ಕೊಟ್ಟು ತೆಗೆಸಿದ್ರೆ ಫೋಟೋ ಹಕ್ಕು ತೆಗೆಸಿದವರಿಗೆ. ಪುಕ್ಕಟೆ ಆದ್ರೆ ತೆಗೆದವರಿಗೆ. ನೀವೇನಾದ್ರೂ ಕೊಟ್ರಾ?”

“ಕೊಟ್ಟೆ.”

“ಇಟ್ಕೊಂಡ್ರಾ ಅವ್ರು?”

“ಮಗೀನ ಕೈಗೇ ಇಕ್ಬುಟ್ಟ,” ಎಂದಳು ಲತಾಮಣಿ. “ಈಗ ಕೊಟ್ಬುಟ್ರೆ?”

ನಿಖಾತ್ ಆಗದೆಂದು ತಲೆಯಾಡಿಸಿದಳು. “ಮಗು ತೀರಿಕೊಂಡಿದೆ ಅಂತ ಕಂಪನಿಗೆ ಬರೆದು ಕಳಿಸ್ತೀನಿ. ಕರುಣೆ ಬಂದ್ರೆ ತೆಗೀತಾರೆ.”

ಕರುಣೆ ಬರಲಿಲ್ಲ. ಅನಂತರಾಜು ಸೈನು ಹಾಕಿದ ಕಾಗದದ ಜೆರಾಕ್ಸ್ ಬಂತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಲತಾಮಣಿ ಊರಿನ ಬಸ್ಸಿಗೆ ಕಾದಳು. ಬಸ್ಸು ಬಂದು ತಿರುಗಿಸಿಕೊಂಡು ನಿಂತಾಗ ಮಗಳ ಮುಖ ನೇರ ಎದುರಿಗೇ ಬಂತು. ಈ ಸಲ ತಲೆ ತಗ್ಗಿಸಲಿಲ್ಲ. ಕಣ್ಣು, ಕೆನ್ನೆ, ಹಣೆಯ ದೃಷ್ಟಿಬೊಟ್ಟು. ಮುಷ್ಟಿಯಲ್ಲಿ ನೋಟು ಮಾತ್ರ ಇರಲಿಲ್ಲ. ಅಳಿಸಿಹಾಕಿದ್ದರು. ಏನೂ ಇಲ್ಲದ್ದನ್ನು ಮಗು ಬಿಗಿಯಾಗಿ ಹಿಡಿದುಕೊಂಡಿತ್ತು.

ಪಕ್ಕದಲ್ಲಿ ಕೂಸನ್ನು ಸೊಂಟಕ್ಕೇರಿಸಿಕೊಂಡವಳೊಬ್ಬಳು, “ನೋಡಕ್ಕ, ಎಂಗ್ ಗುಂಡುಗುಂಡ್ಗೈತೆ! ನಮ್ದೂ ಐತೆ, ಕಡ್ಡಿ. ಈ ಹಿಟ್ಟು ಎಲ್ಲಿ ಸಿಕ್ತದೆ?” ಎಂದಳು.

“ಬ್ಯಾಡ ಕಣವ್ವ,” ಎಂದ ಲತಾಮಣಿ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ, ಮಗಳಿಗೆ ಬೆನ್ನು ಕೊಟ್ಟು ಕುಳಿತಳು.