ಸಾರಕ್ಕಿ ಗೇಟಿಗೆ ನಾನೂರ ಹನ್ನೆರಡು ಹೆಜ್ಜೆ

ಸಾರಕ್ಕಿಯ ಮುತ್ತುರಾಜ ಐದು ವರ್ಷದಲ್ಲಿ ಇಪ್ಪತ್ತಮೂರು ಊರು ಕಟ್ಟಿದ. ಒಂದರಲ್ಲೂ ನರಮನುಷ್ಯರು ವಾಸ ಮಾಡಲಿಲ್ಲ. ಇದ್ದವರೆಲ್ಲ ರಾಕ್ಷಸರು, ಅವರನ್ನು ಹೊಡೆಯಲು ಬಂದೂಕು ಹಿಡಿದು ಬರುವವನು ಒಬ್ಬ. ಆ ಊರುಗಳನ್ನು ಮೆಚ್ಚಿ ಕಾಗದ ಬರೆದವರು ಫಿನ್ಲೆಂಡಿನಲ್ಲಿದ್ದರು, ಪೋಲೆಂಡಿನಲ್ಲಿದ್ದರು. ಸಾರಕ್ಕಿಯಲ್ಲಿ ಅವನಿಗೆ ಅಂಥ ವಿದ್ಯೆ ಇದೆಯೆಂದು ಅಕ್ಕ ಕಲ್ಯಾಣಿ ಒಬ್ಬಳಿಗೇ ಗೊತ್ತಿತ್ತು.

ಹೊಟ್ಟೆಪಾಡಿಗೆ ಅವನು ಡ್ರಾಫ್ಟ್ಸ್‌ಮನ್. ಜಯನಗರದಲ್ಲಿ ಎಂಜಿನಿಯರ್ ನೀಲಕಂಠಪ್ಪನವರ ಆಫೀಸಿನಲ್ಲಿ ಕೂತು, ಮೂವತ್ತು ನಲವತ್ತರ ಸೈಟಿನಲ್ಲಿ ಮೂರು ಸಂಸಾರ, ನಾಲ್ಕು ಸ್ಕೂಟರು, ಒಂದು ದೇವರಮನೆ ಹಿಡಿಸುವಂಥ ಪ್ಲಾನುಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದ. 1999ರಲ್ಲಿ ಜೊತೆಗೆ ಕೆಲಸ ಮಾಡುವ ಸೀನು ಒಂದು ಸಿ.ಡಿ. ತಂದುಕೊಟ್ಟ. ಆಗಲೇ ಹಳತಾಗಿದ್ದ ಗುಂಡು ಹಾರಿಸುವ ಆಟ. ಸೀನು ಒಂದು ವಾರ ಹೊಡೆದ, ಬೇಜಾರಾಗಿ ಬಿಟ್ಟ. ಮುತ್ತುರಾಜ ಮಾತ್ರ ರಾಕ್ಷಸರನ್ನು ಮರೆತು ಗೋಡೆ ನೋಡುತ್ತಾ ನಿಂತ. ಈ ಓಣಿ ಎಷ್ಟು ಅಗಲ, ಆ ಮೆಟ್ಟಿಲು ಎಷ್ಟು ಎತ್ತರ ಎನ್ನುವುದೇ ಅವನ ಚಿಂತೆ. ಆ ಆಟಕ್ಕೆ ಯಾರು ಬೇಕಾದರೂ ಹೊಸ ಮ್ಯಾಪ್, ಎಂದರೆ ಆಟ ನಡೆಯುವ ಊರು, ಮಾಡಬಹುದು, ಗೋಡೆ ನೆಲ ಬೆಳಕುಗಳನ್ನು ಪರದೆಯ ಮೇಲೆ ಬಿಡಿಸುವ ಎಂಜಿನ್ನನ್ನೂ ಕಂಪನಿಯವರು ಬಿಟ್ಟಿಯಾಗಿ ಹಂಚಿದ್ದಾರೆ ಎಂದು ತಿಳಿದ ಮೇಲಂತೂ ಕೇಳಬೇಕೆ. ಹಳೆಯ ಕಂಪ್ಯೂಟರೊಂದನ್ನು ಮನೆಗೆ ಹೊತ್ತುಕೊಂಡು ಬಂದ. ಗೋಡೆಯಲ್ಲಿ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ. ಅವುಗಳ ಕೆಳಗೆ ಮೇಜು ಹಾಕಿ ಪ್ರತಿ ಭಾನುವಾರ ಕೂತ.

ಅಪ್ಪ ವೆಂಕಟಸ್ವಾಮಿ ಸಿಟಿ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು.

"ಏನೋ ಮಾಡ್ತಿದೀಯ ಬೆಳಗಿಂದ?"

"ಎಂಜಿನ್ ಬಿಚ್ಚಿದೀನಪ್ಪ."

"ಕೈಗೆ ಒಂಚೂರು ಗ್ರೀಸ್ ಆಗಿಲ್ಲ, ಅದ್ಯಾವ ಸೀಮೆ ಎಂಜಿನ್ನೋ!"

ಮ್ಯಾಪ್ ಮಾಡುವವರಲ್ಲೂ ಮಡಿಮೈಲಿಗೆಯಂತೆ ಕೆಲವು ಕಟ್ಟುಗಳಿದ್ದವು. ಮುತ್ತುರಾಜನ ಎರಡನೆಯ ಮ್ಯಾಪಿನಲ್ಲಿ ಒಂದು ಗುಂಡಿ ಇತ್ತು. ಆಡುವವನು ಅದಕ್ಕೆ ಬಿದ್ದರೆ ಸಾಯುತ್ತಿರಲಿಲ್ಲ, ಹತ್ತಿ ಬರಲೂ ಆಗುತ್ತಿರಲಿಲ್ಲ. ಫಿನ್ಲೆಂಡಿನವನೊಬ್ಬ ಅದರಲ್ಲಿ ಸಿಕ್ಕಿಕೊಂಡು ಕೆಂಡಾಮಂಡಲವಾಗಿ ಬರೆದ: ಬಿದ್ದವನು ಸಾಯಬೇಕು, ಇಲ್ಲವೇ ಮೇಲೆ ಬರಬೇಕು, ನಡುವೆ ಸಿಕ್ಕಿಹಾಕಿಸುವುದು ಮ್ಯಾಪ್ ಮಾಡಲು ಬಾರದವರ ಲಕ್ಷಣ. ಮುತ್ತುರಾಜನಿಗೆ ಮುಖಕ್ಕೆ ಉಗಿದ ಹಾಗಾಯಿತು. ಅವತ್ತಿನಿಂದ ಅವನ ಮ್ಯಾಪಿನಲ್ಲಿ ಅಂಥ ಗುಂಡಿ ಕಂಡರೆ ಕೈ ತಾನಾಗಿ ನೆಲ ಎತ್ತಿ ಮುಚ್ಚಿಬಿಡುತ್ತಿತ್ತು.

ಕಲ್ಯಾಣಿ ಅವನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಸೆಕ್ಷನ್ನಿನವಳು. ಹೊಲಿದು ಬಂದ ಅಂಗಿಯಲ್ಲಿ ಎಣ್ಣೆ ಕಲೆ, ಬಿಟ್ಟ ಹೊಲಿಗೆ, ಓರೆ ಕಾಲರು ಹುಡುಕಿ ಪಕ್ಕಕ್ಕೆಸೆಯುವ ಕೆಲಸ. ಅವಳ ಕಣ್ಣು ತಪ್ಪಿಸಿ ಒಂದು ದಾರ ಆಚೆ ಹೋಗುತ್ತಿರಲಿಲ್ಲ. ಆದರೆ 2001ರ ಹೊತ್ತಿಗೆ ಕಲೆ ಬಿದ್ದ ಅಂಗಿಗಳು ಒಂದೊಂದಾಗಿ ಅವಳ ಕೈದಾಟಿ ಹೋಗತೊಡಗಿದವು. ಸಂಜೆಯಾದರೆ ಹೊಸ್ತಿಲು ಎಡವುತ್ತಿದ್ದಳು. ಕಣ್ಣಿನ ಡಾಕ್ಟರು ಎಲ್ಲ ನೋಡಿ, "ನಿಮ್ಮ ತಂದೆತಾಯಿ ಸಂಬಂಧದಲ್ಲೇ ಮದ್ವೆ ಆಗಿದಾರಾ?" ಎಂದು ಕೇಳಿದರು. ಅಮ್ಮ ಅಂಕಮ್ಮ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ಮನೆಯ ಹೆಣ್ಣು ಮನೆಯಲ್ಲೇ ಇರಲಿ ಎಂದು ಹಿರಿಯರು ಸಂತೋಷದಿಂದ ಮಾಡಿದ ಮದುವೆ. ಅದಕ್ಕೂ ಮಗಳ ಕಣ್ಣಿಗೂ ಏನು ನಂಟು ಎಂದು ಡಾಕ್ಟರು ವಿವರಿಸಿದರು. ಬಸ್ಸಿನಲ್ಲಿ ಬರುವಾಗ ಅಂಕಮ್ಮ ಕಿಟಕಿಯ ಕಡೆ ತಿರುಗಿ ಅಳುತ್ತಾ ಬಂದಳು.

ಈ ಕಾಯಿಲೆಗೆ ಮದ್ದಿಲ್ಲ. ಕಣ್ಣು ಅಂಚಿನಿಂದ ಒಳಕ್ಕೆ ಮುಚ್ಚುತ್ತಾ ಬರುತ್ತದೆ. ಕಲ್ಯಾಣಿಗೆ ಜಗತ್ತೆಲ್ಲ ಪೈಪಿನೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ಎದುರಿನವರ ಮೂಗು ಕಂಡರೆ ಕೈ ಇಲ್ಲ, ಬಾಗಿಲು ಕಂಡರೆ ಮೆಟ್ಟಿಲಿಲ್ಲ. ಗಾರ್ಮೆಂಟ್ಸಿನ ಕೆಲಸ ಹೋಯಿತು. ಅವಳು ಅಳುತ್ತಾ ಕೂರುವ ಪೈಕಿ ಅಲ್ಲ. ಟೆಲಿಫೋನ್ ಆಪರೇಟರ್ ತರಬೇತಿ ಮುಗಿಸಿ, 2004ರಲ್ಲಿ ಜಯನಗರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ ಹಿಡಿದಳು. ಅವಳ ದನಿ ಕೇಳಿ ಮ್ಯಾನೇಜರು ಅಲ್ಲೇ ಒಪ್ಪಿದರಂತೆ. ಮನೆಯಿಂದ ಸಾರಕ್ಕಿ ಗೇಟಿಗೆ ನಡೆಯಬೇಕು, ಅಲ್ಲಿಂದ ಬಸ್ಸು, ಇಳಿದರೆ ಎದುರಿಗೇ ಆಫೀಸು. ಅಂಕಮ್ಮ ದಿನಾ ಗೇಟಿನವರೆಗೆ ಕೈ ಹಿಡಿದು ಕರೆದೊಯ್ದು, ಸಂಜೆ ಕೈ ಹಿಡಿದು ಕರೆತರುತ್ತಿದ್ದಳು.

"ಮೂವತ್ತೆರಡು ವರ್ಷ ಕಣೋ ಮುತ್ತು ನಂಗೆ. ಅಂಗನವಾಡಿಗೆ ಹೋಗೋ ಮಗು ಥರ ಅಮ್ಮನ ಕೈ ಹಿಡ್ಕೊಂಡು ಹೋಗ್ತೀನಿ. ಬಸ್ ಸ್ಟಾಪಲ್ಲಿ ಎಲ್ರೂ ಅಯ್ಯೋ ಪಾಪ ಅಂತಾರೆ. ಒಂದ್ಸಲ ಒಬ್ಳೇ ಹೋಗಿ ಬರ್ಬೇಕು ಕಣೋ. ಅಷ್ಟೇ ನಂಗ್ಬೇಕಾಗಿರೋದು."

ತರಬೇತಿಯಲ್ಲಿ ಬಿಳಿ ಕೋಲು ಕೊಟ್ಟಿದ್ದರು. ಅದು ಬೀರುವಿನ ಹಿಂದೆ ಸೇರಿತ್ತು. ಕೋಲು ಹಿಡಿದು ಬೀದಿಗಿಳಿದರೆ ಕುರುಡಿ ಎಂದು ಬೋರ್ಡು ಹಾಕಿಕೊಂಡ ಹಾಗೆ ಎಂಬುದು ಅವಳ ಲೆಕ್ಕ. ತಮ್ಮನೂ ಬುದ್ಧಿ ಹೇಳಲಿಲ್ಲ. "ಕೋಲು ಯಾಕಕ್ಕ, ನಾನಿಲ್ವಾ? ಮ್ಯಾಪ್ ಮಾಡ್ಕೊಡ್ತೀನಿ" ಎಂದುಬಿಟ್ಟ. ಆ ಮಾತನ್ನು ಅವನು ಆಮೇಲೆ ಎಷ್ಟು ಸಲ ನೆನೆಸಿಕೊಂಡನೋ ಅವನಿಗೇ ಗೊತ್ತು.

ಎರಡು ಭಾನುವಾರ ಟೇಪು, ನೋಟ್‌ಬುಕ್ಕು ಹಿಡಿದು ಬೀದಿ ಅಳೆದ. ಟೇಪು ಕಂಡರೆ ನಮ್ಮ ಜನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಎಲ್ಲರ ಮೆಟ್ಟಿಲೂ ಒಂದೊಂದಡಿ ರಸ್ತೆಗೆ ಬಂದಿರುತ್ತದಲ್ಲ. ಅದೇ ಬೀದಿಯ ಸಿದ್ದಗಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಬಂದಳು. "ಏನಪ್ಪಾ ಮುತ್ತುರಾಜ, ರೋಡ್ ಅಗಲ ಮಾಡ್ತಾರಾ? ನಮ್ ಮೆಟ್ಲು ಮುಟ್ಟಿದ್ರೆ ನೋಡು!"

"ಇಲ್ಲ ಸಿದ್ದಗಂಗಕ್ಕ, ಆಟಕ್ಕೆ ಅಳೀತಿರೋದು."

"ವಯಸ್ಸು ಇಪ್ಪತ್ತೆಂಟಾಯ್ತು, ಆಟವಂತೆ!" ಎಂದು ಮೂಗು ಮುರಿದು ಒಳಗೆ ಹೋದಳು.

ಅವನು ಒಂದನ್ನೂ ಬಿಡಲಿಲ್ಲ. ಸಪ್ಪಲಮ್ಮನ ಗುಡಿ, ಅರಳಿಕಟ್ಟೆ, ಕರೆಂಟು ಕಂಬಗಳು, ಹಿಟ್ಟಿನ ಗಿರಣಿ, ಕೊನೆಗೆ ಗೇಟಿನ ಬಸ್ ಸ್ಟಾಪು. ಗಿರಣಿಯ ಎದುರು, ಎಡಗಡೆ, ಚರಂಡಿಯ ಮೇಲೆ ಒಂದು ಚಪ್ಪಡಿ ಇರಲಿಲ್ಲ. ಕೇಬಲ್ ಹಾಕಲು ಬಂದವರು ಅದನ್ನು ಎತ್ತಿ ಒಡೆದು ಹೋಗಿ ಒಂದು ವರ್ಷವಾಗಿತ್ತು. ಊರಿನವರೆಲ್ಲ ಕಾಲಿನ ಅಭ್ಯಾಸದಿಂದಲೇ ಸುತ್ತಿ ಹೋಗುತ್ತಿದ್ದರು. ಅಂಕಮ್ಮನೂ ಅಲ್ಲಿ ಬಂದಾಗ ಮಗಳ ಕೈಯನ್ನು ಮೆಲ್ಲಗೆ ಬಲಕ್ಕೆಳೆಯುತ್ತಿದ್ದಳು. ಎಲ್ಲರಿಗೂ ಗೊತ್ತಿದ್ದ ಗುಂಡಿಯಾದ್ದರಿಂದ ಕಲ್ಯಾಣಿಗೆ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಮುತ್ತುರಾಜ ನೋಟ್‌ಬುಕ್ಕಿನಲ್ಲಿ ನೀಟಾಗಿ ಬರೆದುಕೊಂಡ: ಚಪ್ಪಡಿ ಇಲ್ಲ, ಎರಡೂವರೆ ಅಡಿ ಅಗಲ, ಐದಡಿ ಆಳ.

ಬೀದಿ ಪರದೆಯ ಮೇಲೆ ಎದ್ದು ನಿಂತಿತು. ರಾಕ್ಷಸರನ್ನೆಲ್ಲ ಓಡಿಸಿದ, ಬಂದೂಕು ತೆಗೆದ. ಎಂಜಿನ್ನಿಗೆ ಕೈ ಹಾಕಿ ಆಟಗಾರನ ನೋಟವನ್ನು ಅಗಲ ಮಾಡಿದ, ಬೀದಿಯ ಎರಡೂ ಬದಿ ಒಟ್ಟಿಗೆ ಕಾಣುವ ಹಾಗೆ. ಗೋಡೆ ನೆಲಗಳ ಅಂಚಿಗೆಲ್ಲ ದಪ್ಪ ಹಳದಿ ಗೆರೆ ಎಳೆಸಿದ. ಚಿತ್ರವನ್ನು ಅಂಗೈಯಷ್ಟಕ್ಕೆ ಕುಗ್ಗಿಸಿ, ಅಕ್ಕನ ಕುರ್ಚಿಯನ್ನು ಐದಡಿ ಹಿಂದಕ್ಕೆ ಹಾಕಿದ. ಪೈಪಿನೊಳಗೆ ಹಿಡಿಸಬೇಕಲ್ಲ.

ಕಲ್ಯಾಣಿ ಉಸಿರು ಬಿಗಿಹಿಡಿದು ನೋಡಿದಳು.

"ಮುತ್ತು... ಗುಡೀನೂ ಕಾಣ್ತಿದೆ, ಅರಳಿಕಟ್ಟೇನೂ ಕಾಣ್ತಿದೆ. ಎರಡೂ ಒಟ್ಟಿಗೆ ಕಾಣ್ತಿದೆ ಕಣೋ!"

ಮೂರು ವರ್ಷದಿಂದ ಅವಳು ತನ್ನ ಬೀದಿಯನ್ನು ಇಡಿಯಾಗಿ ಕಂಡಿರಲಿಲ್ಲ. ಅಂಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳ ಮುಖ ನೋಡಿ, ಹತ್ತಿರ ಬಂದು ಮಗನ ತಲೆ ಸವರಿದಳು. ಮುತ್ತುರಾಜನ ಬಾಳಿನಲ್ಲಿ ಅದಕ್ಕಿಂತ ದೊಡ್ಡ ದಿನ ಬರಲಿಲ್ಲ.

ಅದಕ್ಕೆ ಮುಂಚಿನ ದಿನ ನಡೆದದ್ದು ಇಷ್ಟೇ. ಮ್ಯಾಪನ್ನು ಪರೀಕ್ಷೆ ಮಾಡುತ್ತಾ ಬೀದಿಯುದ್ದಕ್ಕೂ ಓಡಾಡಿದ್ದ. ಗಿರಣಿಯ ಎದುರು ಬಿದ್ದ. ಸಾಯಲಿಲ್ಲ, ಹತ್ತಲೂ ಆಗಲಿಲ್ಲ. ಥತ್ ಎಂದುಕೊಂಡು ಅಲ್ಲಿನ ನೆಲವನ್ನು ರಸ್ತೆಯ ಮಟ್ಟಕ್ಕೆ ಎತ್ತಿ ಮುಂದೆ ಹೋದ. ಅರ್ಧ ನಿಮಿಷದ ಕೆಲಸ. ಅದು ಸಾರಕ್ಕಿ ಎಂಬುದು ಆ ಅರ್ಧ ನಿಮಿಷ ಅವನ ತಲೆಯಲ್ಲೇ ಇರಲಿಲ್ಲ.

ಎರಡು ತಿಂಗಳು ಕಲ್ಯಾಣಿ ಅದೇ ಬೀದಿಯಲ್ಲಿ, ಮಡಿಲಲ್ಲಿಟ್ಟುಕೊಂಡ ಕೀಲಿಮಣೆಯ ಕೀಲಿಗಳನ್ನು ಒತ್ತುತ್ತಾ ಓಡಾಡಿದಳು. ಗೇಟಿಗೆ ನಾನೂರ ಹನ್ನೆರಡು ಹೆಜ್ಜೆ. ಎಲ್ಲಿ ಕಂಬ, ಎಲ್ಲಿ ಮೆಟ್ಟಿಲು, ಗಾಡಿ ಬಂದರೆ ಎಲ್ಲಿ ಸರಿದು ನಿಲ್ಲಲು ಜಾಗ, ಎಲ್ಲ ಬಾಯಿಪಾಠ. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಒಬ್ಬಳೇ ಹೊರಟಳು. ತಮ್ಮ ಅವಳಿಗೆ ಗೊತ್ತಾಗದಂತೆ ಇಪ್ಪತ್ತು ಹೆಜ್ಜೆ ಹಿಂದೆ ನಡೆದ. ಅವಳು ರಸ್ತೆಯ ನಡುವೆ ತಲೆಯೆತ್ತಿ ನಡೆದಳು, ಬಸ್ಸು ಹತ್ತಿದಳು. ಸಂಜೆ ಬಂದವಳು ಅಮ್ಮನಿಗೆ ಮಲ್ಲಿಗೆ ಹೂವು ತಂದಿದ್ದಳು. ಒಂದು ವಾರ ಹಿಂದೆ ಹಿಂದೆ ನಡೆದು, ಇನ್ನು ಯೋಚನೆಯಿಲ್ಲ ಎಂದು ಅವನು ನಿಲ್ಲಿಸಿದ.

ಒಂಬತ್ತನೆಯ ದಿನ ಆಫೀಸಿಗೆ ಹೊರಟಾಗ ಗಿರಣಿಯ ಹತ್ತಿರ ಎದುರಿನಿಂದ ಟೆಂಪೋ ಬಂತು. ಅವಳು ಗಾಬರಿಯಾಗಲಿಲ್ಲ. ಎಡಕ್ಕೆ ನಾಲ್ಕು ಹೆಜ್ಜೆ ಜಾಗ ಇದೆ, ತಮ್ಮ ತೋರಿಸಿದ್ದಾನೆ. ಒಂದು, ಎರಡು ಎಂದು ಎಣಿಸಿಕೊಂಡು ಸರಿದಳು. ಮೂರನೆಯ ಹೆಜ್ಜೆಗೆ ನೆಲ ಇರಲಿಲ್ಲ.

ಗಿರಣಿಯ ದೇವದಾಸ್ ಮತ್ತು ಟೆಂಪೋದವನು ಸೇರಿ ಮೇಲೆತ್ತಿದರು. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಆಪರೇಷನ್ನು, ಕಬ್ಬಿಣದ ರಾಡು, ಐದು ತಿಂಗಳು ಹಾಸಿಗೆ. ಆಫೀಸಿನವರು ಎರಡು ತಿಂಗಳು ಕಾದು ಬೇರೆ ಹುಡುಗಿಯನ್ನು ತೆಗೆದುಕೊಂಡರು.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಮಧ್ಯಾಹ್ನ ಕಲ್ಯಾಣಿ ಕೇಳಿದಳು, "ಗಿರಣಿ ಹತ್ರ ಅಳತೆ ತಗೊಂಡಿರ್ಲಿಲ್ವಾ?"

ಸುಳ್ಳು ಹೇಳಬಹುದಿತ್ತು. ಮುತ್ತುರಾಜ ಹೇಳಲಿಲ್ಲ. "ತಗೊಂಡಿದ್ದೆ. ಬರ್ದೂ ಇಟ್ಟಿದ್ದೆ."

"ಮತ್ತೆ?"

"ಮ್ಯಾಪಲ್ಲಿ ಹಂಗಿರ್ಬಾರ್ದು ಅಕ್ಕ. ಬಿದ್ದೋರು ಸಾಯ್ಬೇಕು, ಇಲ್ಲ ಮೇಲೆ ಬರ್ಬೇಕು. ಅದಕ್ಕೇ... ಮುಚ್ಚಿಬಿಟ್ಟೆ."

"ನಾನು ಎರಡೂ ಆಗ್ಲಿಲ್ಲ ನೋಡು" ಎಂದಳು. ಕೋಪದಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುತ್ತುರಾಜ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತ. ಅವಳು ಬಿದ್ದ ಮುಂದಿನ ವಾರವೇ ಗಿರಣಿಯ ಎದುರು ಹೊಸ ಚಪ್ಪಡಿ ಬಿದ್ದಿತ್ತು. ಯಾರಾದರೂ ಬಿದ್ದ ಮೇಲೆ ತಾನೇ ನಮ್ಮ ಊರಿನಲ್ಲಿ ಚಪ್ಪಡಿ ಬೀಳುವುದು!

ಅವಳು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಪೈಪಿನಲ್ಲಿ ಉಳಿದಿದ್ದ ಬೆಳಕೂ ಮುಚ್ಚಿಹೋಗಿತ್ತು. ಬೀರುವಿನ ಹಿಂದಿನ ಕೋಲನ್ನು ಮುತ್ತುರಾಜ ತಂದು ಕೈಗಿಟ್ಟ. ಕೈಕಾಲು ಹಿಡಿದು ಬೇಡಿಕೊಂಡ. ಕಲ್ಯಾಣಿ ಅದನ್ನು ಗೋಡೆಗೆ ಒರಗಿಸಿದಳು. ಹೊಸ್ತಿಲ ಹತ್ತಿರ ಹೋದರೆ ಅವಳ ಕಾಲು ಮುಂದೆ ಬರುತ್ತಿರಲಿಲ್ಲ. ಬುದ್ಧಿ ಒಪ್ಪಿದರೂ ಕಾಲು ಒಪ್ಪಲಿಲ್ಲ. ಅವಳು ಮತ್ತೆ ಯಾವತ್ತೂ ಒಬ್ಬಳೇ ಬೀದಿಗಿಳಿಯಲಿಲ್ಲ.

ಮುತ್ತುರಾಜನೂ ಹೊಸ ಊರು ಕಟ್ಟಲಿಲ್ಲ. ಫಿನ್ಲೆಂಡಿನವನ ಕಾಗದಗಳು ಬಂದವು, ಆಮೇಲೆ ನಿಂತವು. 2006ರ ಒಂದು ಭಾನುವಾರ ಮಧ್ಯಾಹ್ನ ಅವನು ಕಂಪ್ಯೂಟರಿನ ಧೂಳು ಒರೆಸಿ ಕೂತ. ಕೀಲಿಗಳ ಸದ್ದು ಕೇಳಿ ಮಂಚದಿಂದ ಕಲ್ಯಾಣಿ, "ಏನೋ ಮಾಡ್ತಿದೀಯ?" ಎಂದಳು.

"ಗುಂಡಿ ಹಾಕ್ತಿದೀನಿ."

"ನಿಜವಾದ ಗುಂಡೀನೇ ಮುಚ್ಚಿದಾರೆ. ಈಗ್ಯಾಕೋ?"

ಅವನು ಹಳೆಯ ನೋಟ್‌ಬುಕ್ಕು ತೆರೆದ. ಎರಡೂವರೆ ಅಡಿ ಅಗಲ, ಐದಡಿ ಆಳ, ಅಳತೆಯ ಪ್ರಕಾರವೇ ತೋಡಿದ. ಅವಳೇ ಅಂದಳು, "ಸರಿ. ನನ್ನ ಒಂದ್ಸಲ ಕರ್ಕೊಂಡು ಹೋಗು."

ಮುತ್ತುರಾಜ ಕೀಲಿ ಒತ್ತಿದ. ಅವಳು ಮಂಚದಲ್ಲಿ ಕಣ್ಣು ಮುಚ್ಚಿ ಹೆಜ್ಜೆ ಎಣಿಸಿದಳು. ಗುಡಿ ದಾಟಿತು. ಅರಳಿಕಟ್ಟೆ ದಾಟಿತು.

"ಗಿರಣಿ ಬಂತಾ?"

"ಬಂತು."

"ಪಕ್ಕದಲ್ಲಿ ಹೋಗು. ಬಲಕ್ಕೆ."

ಅವನು ಬಲಕ್ಕೆ ಸರಿದು ಗುಂಡಿ ದಾಟಿದ. ಅವಳು ಎಣಿಸುತ್ತಲೇ ಇದ್ದಳು. ನಾನೂರ ಹನ್ನೆರಡಕ್ಕೆ ನಿಲ್ಲಿಸಿದಳು.

"ಬಸ್ ಬಂದಿದೆಯಾ ಮುತ್ತು?"

ಅವನ ಮ್ಯಾಪಿನಲ್ಲಿ ಬಸ್ಸೇ ಇರಲಿಲ್ಲ. ಖಾಲಿ ರಸ್ತೆ, ಅದರಾಚೆ ಕಪ್ಪು.

"ಬಂದಿದೆ ಅಕ್ಕ."

"ರಶ್ ಇದೆಯಾ?"

"ಇಲ್ಲ. ಕಿಟಕಿ ಪಕ್ಕ ಸೀಟಿದೆ."

"ಹಂಗಾದ್ರೆ ನೀನು ವಾಪಸ್ ಹೋಗು" ಎಂದಳು ಕಲ್ಯಾಣಿ. "ನಾನೊಬ್ಳೇ ಹೋಗ್ತೀನಿ."