ಮಾರ್ಗರೆಟ್ ಆಗಿದ್ದ ವಿಮಲಾ ಮೇಡಂ

ವಿಮಲಾ ಮೇಡಂ ಶನಿವಾರ ಒಪ್ಪತ್ತು ಮಾಡುತ್ತಿದ್ದರು. ಆಫೀಸಿನ ಕ್ಯಾಂಟೀನಿನವರು ಅದು ಆಂಜನೇಯನಿಗೆ ಎಂದುಕೊಂಡಿದ್ದರು. ಸೆಕ್ಯೂರಿಟಿಯ ಗೌರಮ್ಮ ಶನಿಕಾಟವೇ ಇರಬೇಕೆಂದು ತೀರ್ಮಾನಿಸಿ, ಎಳ್ಳೆಣ್ಣೆ ದೀಪ ಹಚ್ಚಿ ಎಂದು ಸಲಹೆಯನ್ನೂ ಕೊಟ್ಟಿದ್ದಳು. ನಿಜ ಗೊತ್ತಿದ್ದದ್ದು ನಮಗೆ ಕೆಲವರಿಗೆ ಮಾತ್ರ. ಮೇಡಂ ಹೊಟ್ಟೆ ಖಾಲಿ ಬಿಟ್ಟುಕೊಳ್ಳುತ್ತಿದ್ದದ್ದು ಇಂಗ್ಲೆಂಡಿನ ಒಂದು ಸಣ್ಣ ಊರಿನ ರಗ್ಬಿ ತಂಡಕ್ಕಾಗಿ. ಆ ತಂಡದ ಪಂದ್ಯಗಳು ಹೆಚ್ಚಾಗಿ ಶನಿವಾರವೇ ಇರುತ್ತಿದ್ದವು.

ವೈಟ್‌ಫೀಲ್ಡಿನ ಆ ಕಾಲ್ ಸೆಂಟರಿಗೆ ನಾನು ಸೇರಿದ್ದು ಡಿಗ್ರಿ ಮುಗಿದ ವರ್ಷ. ಆ ತಂಡದ ಟಿಕೆಟ್ಟು, ಜೆರ್ಸಿ, ಸೀಸನ್ ಪಾಸು ಎಂದು ಅಲ್ಲಿಯ ಜನ ಫೋನ್ ಮಾಡಿದರೆ ಇಲ್ಲಿ ನಾವು ಮೂವತ್ತು ಜನ ಕೂತು ಉತ್ತರ ಹೇಳುತ್ತಿದ್ದೆವು. ಫೋನಿಗೆಂದು ಎಲ್ಲರಿಗೂ ಒಂದೊಂದು ಇಂಗ್ಲಿಷ್ ಹೆಸರು. ವರ್ತೂರಿನ ಸುಶೀಲಾ ಆದ ನಾನು ಸೂಸನ್. ಮಾಲೂರಿನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಇತಿಹಾಸ ಪಾಠ ಮಾಡಿ, ಆಮೇಲೆ ನಮಗೆ ತರಬೇತಿ ಕೊಡಲು ಬಂದು, ಕರೆ ಹೆಚ್ಚಾದಾಗ ತಾವೂ ಫೋನ್ ಎತ್ತುತ್ತಿದ್ದ ವಿಮಲಾ ಮೇಡಂ ಮಾರ್ಗರೆಟ್. ತಂಡದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ನಾಲಿಗೆಗೆ ಬಂದರೆ ಈಗಲೂ ಯಾರಾದರೂ ಕೇಳಿಸಿಕೊಂಡರೇ ಎಂದು ಒಮ್ಮೆ ಸುತ್ತ ನೋಡುತ್ತೇನೆ.

ಬೇರೆ ಟ್ರೈನರುಗಳು ಉಚ್ಚಾರಣೆ ತಿದ್ದುತ್ತಿದ್ದರೆ ಮೇಡಂ ಬಿಳಿ ಬೋರ್ಡಿನ ಮೇಲೆ ‘ಉದಯ, ಏಳಿಗೆ, ಅವನತಿ’ ಎಂದು ಕನ್ನಡದಲ್ಲೇ ಬರೆದು ಅಡಿಗೆರೆ ಎಳೆಯುತ್ತಿದ್ದರು. ಚರ್ಮ ಹದ ಮಾಡುವ ಕಾರ್ಖಾನೆಯ ಕೆಲಸಗಾರರು ಶನಿವಾರದ ಅರ್ಧ ರಜೆಯಲ್ಲಿ ಕಟ್ಟಿಕೊಂಡ ತಂಡ ಅದು. ಯುದ್ಧದ ಕಾಲದಲ್ಲಿ ಮೈದಾನದಲ್ಲಿ ಆಲೂಗಡ್ಡೆ ಬೆಳೆದರಂತೆ. ಮರದ ಗ್ಯಾಲರಿ ಸುಟ್ಟುಹೋದ ವರ್ಷ ದನದ ಸಂತೆಯ ಬಯಲಿನಲ್ಲಿ ಆಡಿ, ಅದೇ ವರ್ಷ ಕಪ್ ಗೆದ್ದರಂತೆ. ಇದನ್ನೆಲ್ಲ ಮೇಡಂ ಸ್ವಂತ ತವರಿನ ಸುದ್ದಿ ಹೇಳುವಂತೆ ಹೇಳುತ್ತಿದ್ದರು.

“ಮೊದ್ಲು ಆಡೋದಕ್ಕೆ ದುಡ್ಡು ಇಸ್ಕೊಂಡ್ರೆ ತಂಡದಿಂದ ಆಚೆ ಹಾಕ್ತಿದ್ರು. ಆಮೇಲೆ ಎಲ್ರಿಗೂ ಸಂಬಳ ಬಂತು. ಸಂಬಳ ಬಂದ್ಮೇಲೆ ಓನರ್ ಬಂದ. ಓನರ್ ಬಂದ್ಮೇಲೆ ಏನೇನಾಗುತ್ತೆ ಅನ್ನೋದು ಇನ್ನೂ ಪುಸ್ತಕದಲ್ಲಿ ಬಂದಿಲ್ಲ.”

ಬಾದಾಮಿ ಕಡೆಯಿಂದ ಬಂದು ಕುಂದಲಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ ಬಸವರಾಜ ಒಮ್ಮೆ ಕೇಳಿಯೇಬಿಟ್ಟ. “ಟಿಕೆಟ್ ಮಾರಾಕ ಇದೆಲ್ಲ ಯಾಕ ಬೇಕ್ರೀ ಮೇಡಂ?”

“ಅವ್ರು ಬರೀ ಟಿಕೆಟ್ಟಿಗೆ ಫೋನ್ ಮಾಡಲ್ಲ ಕಣಪ್ಪ. ನಮ್ಮೂರಿನ ವಿಷ್ಯ ಗೊತ್ತಿರೋರು ಆ ಕಡೆ ಯಾರೋ ಇದಾರೆ ಅಂತ ಮಾಡ್ತಾರೆ.”

ಇಷ್ಟು ಧೈರ್ಯವಾಗಿ ಪಾಠ ಹೇಳುವವರು ಬೇರೆ ಎಲ್ಲದಕ್ಕೂ ಹೆದರುತ್ತಿದ್ದರು. ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತುತ್ತಿದ್ದರು. ಕ್ಯಾಬಿನಲ್ಲಿ ಕೂತರೆ ಇಳಿಯುವವರೆಗೂ “ನಿಧಾನ ಅಣ್ಣ, ನಿಧಾನ” ಎನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಹೆದರಿಕೆ ತಂಡ ಸೋಲುವುದರದ್ದು. ಅದು ಸುಮ್ಮನೆ ಹುಚ್ಚು ಅಭಿಮಾನವೂ ಅಲ್ಲ. ತಂಡ ಸೋಲುತ್ತಾ ಹೋದರೆ ಕೆಳಗಿನ ದರ್ಜೆಗೆ ಇಳಿಯುತ್ತದೆ, ಅಲ್ಲಿಗೆ ಇಳಿದರೆ ಟಿಕೆಟ್ ಕೊಳ್ಳುವವರು ಕಡಿಮೆ, ಕರೆ ಕಡಿಮೆಯಾದರೆ ನಮ್ಮ ಕುರ್ಚಿಗಳೂ ಕಡಿಮೆ. ಶನಿವಾರ ಸಂಜೆ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಮ್ಮ ಸಾಲುಗಳ ನಡುವೆ ಓಡಾಡುತ್ತಿದ್ದರೆ ನಾನೂ ಕರೆಗಳ ನಡುವೆ ಸ್ಕೋರು ನೋಡಿಕೊಳ್ಳುತ್ತಿದ್ದೆ.

ಒಂದು ಸಲ ಕ್ಯಾಂಟೀನಿನ ಟಿವಿಯಲ್ಲಿ ಯಾರೋ ಆ ತಂಡದ ಪಂದ್ಯ ಹಾಕಿದರು. ಅಷ್ಟು ದಿನ ಪಾಠ ಹೇಳಿದ ಮೇಡಂ ಆಟವನ್ನು ಕಣ್ಣಾರೆ ನೋಡಿದ್ದು ಅವತ್ತೇ ಮೊದಲು. ಎಂಟೆಂಟು ಜನ ಎದುರಾಬದುರಾ ನಿಂತು, ಬಗ್ಗಿ, ತಲೆಗೆ ತಲೆ ಹೊಂದಿಸಿ ನೂಕತೊಡಗಿದ್ದೇ ತಡ, ಅವರು ಕುರ್ಚಿಯಿಂದ ಎದ್ದು ನಿಂತರು.

“ಕತ್ತು ಮುರ್ಕೋತಾರಲ್ಲೋ. ಯಾರಾದ್ರೂ ಬಿಡ್ಸೋರು ಇಲ್ವಾ?”

ಕ್ಯಾಂಟೀನೆಲ್ಲ ನಕ್ಕಿತು. ಮೇಡಂ ನಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ಹೋದರು. ಅಲ್ಲಿಂದ ಮುಂದೆ ಟಿಕೆಟ್ ಕೇಳಿದವರನ್ನೆಲ್ಲ, ಹೋದ ವಾರ ಪೆಟ್ಟಾದ ಹುಡುಗ ಹೇಗಿದ್ದಾನೆ ಎಂದು ವಿಚಾರಿಸದೆ ಫೋನ್ ಇಡುತ್ತಿರಲಿಲ್ಲ.

ಹಾಗೆ ವಿಚಾರಿಸಿಯೇ ಆರ್ಥರ್ ಎಂಬ ಮುದುಕರು ಅವರಿಗೆ ಗಂಟುಬಿದ್ದದ್ದು. ಅದೇ ಚರ್ಮದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ಪ್ರತಿ ಶನಿವಾರ ಪಂದ್ಯಕ್ಕೆ ಮುಂಚೆ ಫೋನ್ ಮಾಡಿ, ತಮ್ಮ ಸೀಸನ್ ಪಾಸು ಸರಿಯಾಗಿದೆಯೇ ಎಂದು ಕೇಳುತ್ತಿದ್ದರು. ಪಾಸಿಗೆ ಏನೂ ಆಗಿರುತ್ತಿರಲಿಲ್ಲ. ನಾನು ಎತ್ತಿದರೆ “ಮಾರ್ಗರೆಟ್ ಇಲ್ಲವೆ?” ಎನ್ನುತ್ತಿದ್ದರು. ಅವರಿಬ್ಬರೂ ಸುಟ್ಟುಹೋದ ಗ್ಯಾಲರಿಯ ಬಗ್ಗೆ, ದನದ ಸಂತೆಯ ಬಗ್ಗೆ ಕಣ್ಣಿಂದ ಕಂಡವರ ಹಾಗೆ ಮಾತಾಡಿಕೊಳ್ಳುತ್ತಿದ್ದರು.

ಆಮೇಲೆ ತಂಡ ಮಾರಾಟವಾಯಿತು. ಕೊಂಡ ಹೊಸ ಧಣಿ ಪಕ್ಕದ ಊರಿನ ತಂಡವನ್ನೂ ಕೊಂಡು, ಎರಡನ್ನೂ ಒಂದು ಮಾಡಿ, ಹೊಸ ಹೆಸರಿಟ್ಟ. ತಲೆತಲಾಂತರದಿಂದ ಬಡಿದಾಡಿಕೊಂಡು ಬಂದ ಎರಡು ಊರುಗಳಿಗೂ ಸಿಟ್ಟು ಬಂತು. ನಮಗೆ ಬಂದ ಆದೇಶ ಇಷ್ಟೇ: ಹಳೆಯ ಹೆಸರನ್ನು ಯಾರೂ ಫೋನಿನಲ್ಲಿ ಎತ್ತಬಾರದು. ನಮ್ಮ ಗುತ್ತಿಗೆಯನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಆ ವಾರ ಧಣಿಯ ಕಡೆಯವರೇ ಲೈನಿನಲ್ಲಿ ಕೂತು ಕೇಳುತ್ತಾರೆ. ಇಲ್ಲಿಯೂ ಪ್ರತಿ ಕರೆಗೆ ಪಕ್ಕದಲ್ಲೊಬ್ಬರು ಹೆಡ್‌ಸೆಟ್ ಹಾಕಿಕೊಂಡು ಕೂರಬೇಕು.

ಮ್ಯಾನೇಜರ್ ಪ್ರದೀಪ್ ಕೆಟ್ಟವನಲ್ಲ. ಅವನ ಮುಖವೇ ಬಿಳಿಚಿಕೊಂಡಿತ್ತು. “ಮೇಡಂ, ಕೈ ಮುಗೀತೀನಿ. ಹಳೇ ಹೆಸರು ಒಂದ್ಸಲ ಬಂದ್ರೂ ಕಾಂಟ್ರಾಕ್ಟೇ ಹೋಗ್ಬಿಡುತ್ತೆ. ನಿಮ್ಗೇನೋ ಟೀಚರ್ ಕೆಲಸ ಸಿಗ್ಬೋದು. ಈ ಹುಡುಗ್ರು ಎಲ್ಲಿಗೆ ಹೋಗ್ಬೇಕು?”

ಮೇಡಂ “ಗೊತ್ತಪ್ಪ” ಎಂದರು, ಅಷ್ಟೇ. ನಮಗೆಲ್ಲ ತಲೆಯಲ್ಲಿದ್ದದ್ದು ಶನಿವಾರದ ಕರೆ. ಬೇರೆ ಯಾರಾದರೂ ಎತ್ತಿಬಿಡಲಿ ಎಂದೂ ನೋಡಿದೆವು. ಆರ್ಥರ್ ಬಸವರಾಜನ ಕೈಗೆ ಸಿಕ್ಕರು, ಮಾರ್ಗರೆಟ್ ಬರುವವರೆಗೂ ಕಾಯುತ್ತೇನೆ ಎಂದು ಪಟ್ಟು ಹಿಡಿದರು. ಕೊನೆಗೆ ಮೇಡಂ ಲೈನಿಗೆ ಬಂದರು. ಪಕ್ಕದಲ್ಲಿ ಕೇಳಲು ಕೂತವಳು ನಾನು.

“ಹೊಸ ಪಾಸು ಬಂದಿದೆ ಮಾರ್ಗರೆಟ್. ತಂಡ ಶುರುವಾದದ್ದು ಈ ವರ್ಷ ಎಂದು ಅದರ ಮೇಲಿದೆ. ಹಾಗಾದರೆ ನಾನು ಇಷ್ಟು ವರ್ಷ ನೋಡಿದ್ದೇನು?”

ಮೇಡಂ ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಶುರುಮಾಡಿದರು. ಚರ್ಮದ ಕಾರ್ಖಾನೆ, ಅರ್ಧ ದಿನದ ರಜೆ, ಆಲೂಗಡ್ಡೆ, ಬೆಂಕಿ, ದನದ ಸಂತೆ, ಗೆದ್ದ ಕಪ್ ಎಲ್ಲವನ್ನೂ ಕ್ಲಾಸಿನಲ್ಲಿ ಹೇಳುವಷ್ಟೇ ನಿಧಾನವಾಗಿ ಹೇಳಿದರು. ಹೆಸರು ಬರಬೇಕಾದ ಕಡೆಯೆಲ್ಲ ‘ನಿಮ್ಮವರು’ ಎಂದರು. ನಾನು ಒಂದೊಂದು ಮಾತನ್ನೂ ತೂಗುತ್ತಿದ್ದೆ. ಆಲೂಗಡ್ಡೆಯನ್ನು ಯಾರೂ ನಿಷೇಧಿಸಿರಲಿಲ್ಲ. ದಾಟಿಬಿಟ್ಟರು ಎಂದುಕೊಂಡೆ.

ಮುದುಕರು ಅಷ್ಟಕ್ಕೆ ಬಿಡಲಿಲ್ಲ. “ಹೆಸರು ಹೇಳು ಮಾರ್ಗರೆಟ್. ಒಂದು ಸಲ ಸಾಕು. ಇಲ್ಲಿ ನನ್ನ ಜೊತೆ ಹೇಳುವವರು ಯಾರೂ ಉಳಿದಿಲ್ಲ.”

ಮೇಡಂ ತಲೆಯೆತ್ತಿ ನೋಡಿದರು. ಪ್ರದೀಪ್ ಗಾಜಿನ ಆಚೆ ನಿಂತಿದ್ದ. ಬಸವರಾಜ ತನ್ನ ಕರೆ ಬಿಟ್ಟು ಇತ್ತಲೇ ನೋಡುತ್ತಿದ್ದ. ಕೊನೆಗೆ ನನ್ನನ್ನು ನೋಡಿದರು. ನಾನು ಕಣ್ಣಿನಲ್ಲೇ ಬೇಡ ಎಂದೆನೋ ಏನೋ, ನನಗೆ ಗೊತ್ತಿಲ್ಲ. ಅವರ ತುಟಿ ಆ ಹೆಸರಿನ ಮೊದಲ ಅಕ್ಷರಕ್ಕೆ ಸಿದ್ಧವಾಗಿದ್ದದ್ದನ್ನು ಮಾತ್ರ ನೋಡಿದೆ.

“ನಿಮಗೆ ಬೇರೇನಾದರೂ ಸಹಾಯ ಬೇಕಿತ್ತೆ, ಸರ್?” ಎಂದರು. ಪ್ರತಿ ಕರೆಯ ಕೊನೆಗೂ ನಾವು ಹೇಳಲೇಬೇಕಾದ ಮಾತು ಅದು.

ಮುದುಕರು ಬೇಡ ಎಂದು, ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು.

ನಮ್ಮ ಕೆಲಸ ಉಳಿಯಿತು. ಹೊಸ ಹೆಸರಿನ ಐಡಿ ಕಾರ್ಡ್ ಬಂತು, ಕ್ಯಾಂಟೀನಿನಲ್ಲಿ ಜಾಮೂನು ಹಂಚಿದರು. ಮೇಡಂ ಹೊಸ ಬ್ಯಾಚಿಗೆ ಪಾಠ ಮಾಡಲು ಹೋಗಿ, ಬೋರ್ಡಿನ ಮೇಲೆ ‘ಉದಯ’ ಎಂದು ಬರೆದು ಬಹಳ ಹೊತ್ತು ನಿಂತರಂತೆ. ಆ ತಿಂಗಳ ಕೊನೆಗೆ ರಾಜೀನಾಮೆ ಕೊಟ್ಟರು. ಆರ್ಥರ್ ಅವರ ಫೋನು ಮತ್ತೆ ಬರಲಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ಒಂದೊಂದು ರಿಂಗಿಗೂ ನಾನು ಮೊದಲು ಸ್ಕ್ರೀನಿನ ಮೇಲಿನ ನಂಬರು ನೋಡುತ್ತಿದ್ದೆ.

ಮರುವರ್ಷ ಹೋಪ್ ಫಾರಂ ಬಸ್ ಸ್ಟಾಪಿನಲ್ಲಿ ಮೇಡಂ ಸಿಕ್ಕರು. ತುಂಬ ಸೊರಗಿದ್ದರು. ಕಾಡುಗೋಡಿಯಲ್ಲಿ ಮನೆಪಾಠ ಹೇಳುತ್ತಿದ್ದೇನೆ ಎಂದರು, ನನ್ನ ಅಮ್ಮನ ಆರೋಗ್ಯ ವಿಚಾರಿಸಿದರು. ಬಸ್ಸು ತಿರುವಿನಲ್ಲಿ ಕಂಡ ಮೇಲೆ ಕೇಳಿದರು.

“ಅವ್ರು ಫೋನ್ ಮಾಡ್ತಾರೇನಮ್ಮ?”

“ಇಲ್ಲ ಮೇಡಂ. ಅವತ್ತೇ ಕೊನೆ.”

“ನಾನು ಹೆದ್ರಿಕೊಂಡೆ ಅಂತ ಗೊತ್ತಾಗೋಯ್ತು ಅವ್ರಿಗೆ.”

“ನಮಗೋಸ್ಕರ ತಾನೆ ಮೇಡಂ ನೀವು ಹೇಳ್ದೆ ಇದ್ದಿದ್ದು?”

ಬಸ್ಸು ಬಂದು ನಿಂತಿತು. ಮೇಡಂ ಕಂಬಿ ಹಿಡಿದು ಹತ್ತಿ, ಹಿಂದಿನವರು ನೂಕುತ್ತಿದ್ದರೂ ನನ್ನ ಕಡೆ ತಿರುಗಿದರು.

“ಅದನ್ನ ಅವ್ರಿಗೆ ಯಾರು ಹೇಳ್ತಾರಮ್ಮ?”