ಬೆಣೆಯಣ್ಣ ಮೊದಲ ಸಾಲಿನಲ್ಲಿ ಕೂತ ಭಾನುವಾರ

ಹೆಸರು ಏನೇ ಇರಲಿ, ಸಂತೆಯಲ್ಲಿ ಎಲ್ಲರಿಗೂ ಅವನು ಬೆಣೆಯಣ್ಣ. ಕಸುಬಿನಲ್ಲಿ ಬಡಗಿ. ಭಾನುವಾರ ಬೆಳಿಗ್ಗೆ ರೈತರು ಚೌಕಕ್ಕೆ ಬಂದು ಟೊಮೆಟೊ, ಸೊಪ್ಪು, ಆಲೂಗಡ್ಡೆ ಇಳಿಸುವ ಹೊತ್ತಿಗೆ ಇವನು ಚೌಕದ ಇನ್ನೊಂದು ತುದಿಯಲ್ಲಿ ನೃತ್ಯದ ವೇದಿಕೆ ಜೋಡಿಸುತ್ತಾನೆ. ಕಲ್ಲುಹಾಸಿನ ನೆಲ, ಒಂದು ಕಡೆ ಏರು, ಒಂದು ಕಡೆ ತಗ್ಗು. ಹಲಗೆ ಅಲ್ಲಾಡದಂತೆ ವೇದಿಕೆಯ ಕಾಲುಗಳಡಿಗೆ ಮರದ ಬೆಣೆ ಬಡಿಯಬೇಕು. ಬಡಿದ ಮೇಲೆ ಒಂದೊಂದಕ್ಕೂ ಒಂದೊಂದು ಚೊಂಬು ನೀರು ಹೊಯ್ಯುವುದು ಅವನದೇ ಪದ್ಧತಿ. ಮರ ನೀರು ಕುಡಿದು ಉಬ್ಬಿ ಕಚ್ಚಿಕೊಂಡಿತೆಂದರೆ ಮೇಲೆ ಆನೆ ಕುಣಿದರೂ ಕದಲುವುದಿಲ್ಲ.

ಅಷ್ಟಾದರೂ ಈ ಮಹಾಶಯನಿಗೆ ನಂಬಿಕೆ ಬರಬೇಕಲ್ಲ! ಕುಣಿತ ಮುಗಿಯುವವರೆಗೂ ಸುತ್ತಿಗೆ ಹಿಡಿದು ವೇದಿಕೆಯ ಅಡಿಯಲ್ಲೇ ಕೂತಿರುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯಿದೆಯಷ್ಟೆ, ತನ್ನ ವೇದಿಕೆ ಹತ್ತಿದ ಯಾರೂ ಆ ಮಾತು ಆಡುವಂತಿಲ್ಲ ಎಂಬುದು ಅವನ ಜಂಬ. ಹೀಗಾಗಿ ಹನ್ನೊಂದು ವರ್ಷ ಎಷ್ಟೋ ತಂಡಗಳು ಅವನ ತಲೆಯ ಮೇಲೆ ಕುಣಿದು ಹೋದರೂ ಅವನು ಕಂಡದ್ದು ಹಲಗೆಯ ಸಂದಿನ ಬೆಳಕು ಮಾತ್ರ.

ಅವನ ಹೆಂಡತಿಗೆ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸ. ಹೋದ ವರ್ಷ ಅವಳೂ ಜೊತೆಗಾತಿಯರು ಐದು ಜನರೂ ಊಟದ ಬಿಡುವಿನಲ್ಲಿ, ಒಣಹಾಕಿದ ಹಾಸುಬಟ್ಟೆಗಳ ನಡುವೆ, ರೇಡಿಯೋ ಹಚ್ಚಿಕೊಂಡು ಕುಣಿಯಲು ಶುರುಮಾಡಿದರು. ಮೊದಲು ತಮಾಷೆಗೆ. ಆಮೇಲೆ ಅದರ ಹುಚ್ಚು ಹತ್ತಿತು. ಈ ಭಾನುವಾರ ಸಂತೆಯ ವೇದಿಕೆಯಲ್ಲಿ ಅವರದೂ ಒಂದು ಸರದಿ.

"ನೋಡ್ರೀ, ಇಪ್ಪತ್ತಾರು ವರ್ಷದಲ್ಲಿ ಅದು ಬೇಕು ಇದು ಬೇಕು ಅಂತ ನಿಮ್ಮ ಪ್ರಾಣ ತಿಂದಿಲ್ಲ" ಎಂದಿದ್ದಳು ಅವಳು. "ಮೊದಲನೇ ಸಾಲಲ್ಲಿ ಕೂತು ನನ್ನ ಡ್ಯಾನ್ಸ್ ನೋಡ್ಬೇಕು, ಅಷ್ಟೇ. ಕೆಳಗೆ ತೂರಿಕೊಂಡ್ರೋ, ನಾನು ಸುಮ್ಮನಿರೋಳಲ್ಲ!"

"ಆಯ್ತು ಕಣೇ, ಕೂರ್ತೀನಿ" ಎಂದು ಅವನು ಮಾತು ಕೊಟ್ಟಿದ್ದ.

ಅಂದು ಬೆಳಿಗ್ಗೆ ಅವಳು ಅವನಿಗೆ ಬಿಳಿ ಶರ್ಟು ತೊಡಿಸಿದಳು. ಹಿಂದಿನ ಸಂಜೆ ಅರ್ಧ ಗಂಟೆ ಕೂತು ಇಸ್ತ್ರಿ ಮಾಡಿದ್ದ ಶರ್ಟು, ಕಾಲರಿನಲ್ಲಿ ಕೈ ಕುಯ್ದುಕೊಳ್ಳಬಹುದು! ಇವನು ಬೆಣೆಗಳನ್ನೇನೋ ಬಡಿದ. ಚೊಂಬು ಎತ್ತಿದವನು, ಕಲ್ಲಿನಿಂದ ಕೆಸರು ನೀರು ಸಿಡಿದರೆ ಶರ್ಟಿನ ಗತಿಯೇನು ಎಂದು ಅದನ್ನು ಕೆಳಗಿಟ್ಟ. ಆಮೇಲೆ ಹೊಯ್ದರಾಯಿತು ಅಂದುಕೊಂಡ. ಅಷ್ಟರಲ್ಲಿ ಆಲೂಗಡ್ಡೆ ಮಾರುವ ಅಜ್ಜಿ "ಏನೋ ಬೆಣೆಯಣ್ಣ, ಮದುಮಗನ ಥರ ಬಂದಿದ್ದೀಯ!" ಎಂದು ಕೂಗಿದಳು. ಸೊಪ್ಪಿನವನು ಕರೆದು ಎಳೆ ಸೌತೆಕಾಯಿ ಕೊಟ್ಟ. ಒಬ್ಬರಾದ ಮೇಲೊಬ್ಬರು ಮಾತಿಗೆ ಸಿಕ್ಕಿದರು. ಹನ್ನೊಂದು ವರ್ಷ ಮರೆಯದ ನೀರು ಅಂದು ಮರೆತುಹೋಯಿತು.

ಹಾಡು ಶುರುವಾಯಿತು. ಹಳದಿ ಉಡುಪಿನ ಆರು ಹೆಂಗಸರು ವೇದಿಕೆ ಹತ್ತಿದರು. ಎಡತುದಿಯಲ್ಲಿದ್ದ ಹೆಂಡತಿ ಗಂಡ ಕೂತದ್ದನ್ನು ನೋಡಿ ಹಲ್ಲು ಕಾಣುವಂತೆ ನಕ್ಕಳು. ಇವನಿಗೋ ಹಿಗ್ಗು ಹಿಡಿಸಲಾರದಷ್ಟು. ಮೂರನೆಯ ಜಿಗಿತಕ್ಕೆ "ಟಕ್" ಎಂದಿತು. ಜನಕ್ಕೆ ಕೇಳಿಸಿದ್ದು ಸಂಗೀತ, ಇವನಿಗೆ ಕೇಳಿಸಿದ್ದು ಒಣ ಬೆಣೆ ಜಾರಿದ ಸದ್ದು. ಎಡಮೂಲೆಯ ಹಲಗೆ ಕುಸಿದು ಹೆಂಡತಿ ತೂರಾಡಿ ಸಾವರಿಸಿಕೊಂಡಳು. ಕೂತರೆ ಅವಳ ಕಾಲು ಮುರಿಯುತ್ತದೆ, ಎದ್ದರೆ ಕೊಟ್ಟ ಮಾತು ಮುರಿಯುತ್ತದೆ. ಅವನು ಎದ್ದ. ಎದ್ದವನನ್ನು ಅವಳು ನೋಡಿಯೇಬಿಟ್ಟಳು, ಮುಖ ಸಪ್ಪಗಾಯಿತು.

ಕೆಳಗೆ ನುಗ್ಗಿ ನೋಡಿದರೆ, ಜಾರಿದ ಬೆಣೆ ಕಾಲಿನಡಿ ಸಿಕ್ಕಿ ಎರಡು ಹೋಳು. ಬೇರೆ ದಾರಿ ಕಾಣದೆ ಕೈಕಾಲು ಊರಿ ಹಲಗೆಗೆ ಬೆನ್ನು ಕೊಟ್ಟ. ಹಾಡು ಮುಗಿಯುವವರೆಗೂ ಕಟ್ಟಿಕೊಂಡ ಹೆಂಡತಿ ಬೆನ್ನಿನ ಮೇಲೆ ಧಡಧಡ ಕುಣಿದಳು.

ಚಪ್ಪಾಳೆಯೋ ಚಪ್ಪಾಳೆ. "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಜನ ಕೂಗಿದರು. ಅವಳು ಮಾತ್ರ ಕೆಳಗಿಳಿದು ಬಂದು ವೇದಿಕೆಯ ಅಡಿಗೆ ಬಗ್ಗಿ ನೋಡಿದಳು.

"ಅಂತೂ ನಿಮ್ಮ ಬುದ್ಧಿ ಬಿಡಲಿಲ್ಲ ಅಲ್ವಾ?" ಎಂದಳು.

"ಬೆಣೆ ಜಾರ್ತು ಕಣೇ. ನೀರು ಹೊಯ್ಯೋದು ಮರೆತೆ... ಶರ್ಟ್ ಕೊಳೆಯಾಗುತ್ತೆ ಅಂತ."

ಅವಳು ಶರ್ಟನ್ನು ನೋಡಿದಳು. ಶರ್ಟೆಲ್ಲಿತ್ತು, ಮಣ್ಣೇ ಇತ್ತು. ಅಳಬೇಕೆಂದಿದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಷ್ಟರಲ್ಲಿ ಆಲೂಗಡ್ಡೆ ಅಜ್ಜಿ ಸೊಪ್ಪಿನವನ ಜೊತೆ ಎರಡು ಮೂಟೆ ಉರುಳಿಸಿಕೊಂಡು ಬಂದಳು. "ಏಳಪ್ಪ ಈಚೆ! ನಿನ್ನ ಬೆನ್ನಿಗಿಂತ ನನ್ನ ಆಲೂಗಡ್ಡೆ ಗಟ್ಟಿ."

ಮೂಟೆಗಳನ್ನು ಹಲಗೆಯ ಕೆಳಗೆ ಒತ್ತಿ ಕೂರಿಸಿದರು. ಅವನು ತಟ್ಟಿ ನೋಡಿದ, ಒದ್ದು ನೋಡಿದ. "ಸಂಜೆವರೆಗೂ ಪರೀಕ್ಷೆ ಮಾಡ್ತೀಯೋ? ನಾನಿಲ್ವಾ ಇಲ್ಲಿ, ಹೋಗೋ!" ಎಂದು ಅಜ್ಜಿ ಗದರಿಸಿದಳು. ಹೆಂಡತಿ ಮತ್ತೆ ವೇದಿಕೆ ಹತ್ತಿದಳು. ತನ್ನ ವೇದಿಕೆಯನ್ನು ಅವನು ಮೊದಲ ಸಲ ಇನ್ನೊಬ್ಬರ ಕೈಗೆ ಒಪ್ಪಿಸಿ ಹೊರಗೆ ಬಂದ.

ಮತ್ತೆ ಹಾಡು. ಅವನು ಮೊದಲ ಸಾಲಿನಲ್ಲೇ ಕೂತ, ಆದರೆ ಕಣ್ಣು ಎಡಮೂಲೆಯ ಹಲಗೆಗೆ ಅಂಟಿಕೊಂಡಿತ್ತು. ಒಂದು ಜಿಗಿತ, ಎರಡು, ಮೂರು. ಹಲಗೆ ಕದಲಲಿಲ್ಲ. ಅವನೂ ಕಣ್ಣು ಕದಲಿಸಲಿಲ್ಲ.

"ರೀ!" ಕುಣಿಯುತ್ತಲೇ ಅವಳು ಇಡೀ ಸಂತೆಗೆ ಕೇಳುವಂತೆ ಕೂಗಿದಳು. "ಹಲಗೆ ಅಲ್ಲ, ನನ್ನ ನೋಡ್ರೀ!"

ಜನ ಗೊಳ್ಳೆಂದು ನಕ್ಕರು. ನಾಚಿ ಕೆಂಪಾದ ಬಡಗಿ ಕತ್ತೆತ್ತಿದ. ಇಸ್ತ್ರಿಯ ಝಳಕ್ಕೆ ಬಾಡಿ ಸಂಜೆ ಮನೆಗೆ ಬರುತ್ತಿದ್ದ ಹೆಂಗಸು ಇವಳೇನಾ? ಹಣೆಯ ಬೆವರು ಒರೆಸಿಕೊಳ್ಳುವ ಪರಿವೆಯೂ ಇಲ್ಲದೆ, ತೋಳು ಅಗಲಿಸಿ, ಇಡೀ ಚೌಕ ತನ್ನದೇ ಎಂಬಂತೆ ಕುಣಿಯುತ್ತಿದ್ದಳು. ಇಷ್ಟೊಂದು ನಗು ಇವಳಲ್ಲಿದೆ ಎಂಬುದು ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದೂ ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಅವನು ಕೆಳಗೆ ನೋಡಲಿಲ್ಲ.